ರಾವಬಹಾದ್ದೂರ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು

ತುಂಗಭದ್ರೆಯ ಬಲದಂಡೆಯ ಈ ಹಂಪಸಾಗರ ಸೀಮೆಗೆ ಹಂಪೆಯ ವಿರೂಪಾಕ್ಷನ ಸನ್ನಿಧಿಯು ಬಹು ದೂರದ್ದಲ್ಲ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನು ಆಳುತ್ತಿದ್ದಾಗ ಲಕ್ಕಣ್ಣ ದಂಡೇಶನೇ ಮೊದಲಾದ ಶಿವಭಕ್ತರೂ ನೂರೊಂದು ವಿರಕ್ತರೂ ಅಲ್ಲಿ ಕಲೆತು, ಕಲ್ಯಾಣದ ವಿಪ್ಲವದ ತರುವಾಯ ದಿಕ್ಕುದಿಕ್ಕಿಗೆ ಚದರಿಹೋಗಿದ್ದ ಶರಣರ ವಚನಗಳನ್ನು ಕೂಡಿಸಿ, ಕಟ್ಟುಮಾಡಿಸಿ, ಟೀಕೆ ಬರೆಯಿಸಿ ಉಳಿಸಿದರೆಂಬುದು ಸದ್ಭಕ್ತರಿಗೆಲ್ಲ ವಿದಿತವಾದ ಸಂಗತಿಯು. ೧೫೬೫ರಲ್ಲಿ ಆ ರಾಜಧಾನಿಯು ಹಾಳಾದ ಮೇಲೆ ಓಲೆಯ ಕಟ್ಟುಗಳು ಮಠಗಳ ಗೂಡುಗಳನ್ನೂ ಭಕ್ತರ ಜಗುಲಿಗಳನ್ನೂ ಸೇರಿದವು. ಅಲ್ಲಿ ಅವುಗಳಿಗೆ ವಿಭೂತಿ, ಪತ್ರೆ, ಧೂಪಗಳು ತಪ್ಪದೆ ಸಲ್ಲುತ್ತಿದ್ದವು. ಬಿಚ್ಚಿ ಓದುವವರು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾದರು. ಪೂಜೆಗೊಂಡ ಗ್ರಂಥವೆಂದು ಗೆದ್ದಲು ಬಿಡುವುದಿಲ್ಲವಷ್ಟೆ. ಹೀಗೆ ಅಳಿವಿನ ಅಂಚಿಗೆ ಬಂದಿದ್ದ ಆ ನಿಧಿಯನ್ನು ಎರಡನೆಯ ಸಾರಿ ಎತ್ತಿ ಉಳಿಸಿದವರು ಮಠಾಧಿಪತಿಗಳಲ್ಲ, ಅರಸರಲ್ಲ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಒಬ್ಬ ವಕೀಲರು.

ಫಕೀರಪ್ಪನವರು ೧೮೮೦ನೆಯ ಇಸ್ವಿ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಉಪಾಧ್ಯಾಯರೂ ಲೇಖಕರೂ ಆಗಿದ್ದರು. ತಾಯಿ ದಾನಮ್ಮನವರು ಮಗನ ಎಳವೆಯಲ್ಲಿಯೇ ಶಿವಾಧೀನರಾದುದರಿಂದ ಅಜ್ಜಿಯೇ ಸಾಕಿ ಸಲಹಿದಳು. ಆಗ ಕನ್ನಡ ನಾಡಿಗೆ ತನ್ನದೆಂಬ ವಿಶ್ವವಿದ್ಯಾಲಯವೇ ಇರಲಿಲ್ಲ. ಧಾರವಾಡ, ವಿಜಾಪುರಗಳ ಹುಡುಗರು ಮುಂಬಯಿಯ ಕಡೆಗೂ, ಬಳ್ಳಾರಿ ಸೀಮೆಯ ಹುಡುಗರು ಮದ್ರಾಸಿನ ಕಡೆಗೂ ಮುಖಮಾಡಬೇಕಾಗಿದ್ದಿತು. ಮೈಸೂರಿನ ವಿಶ್ವವಿದ್ಯಾಲಯವು ಹುಟ್ಟಿದ್ದು ೧೯೧೬ರಲ್ಲಿ. ಫಕೀರಪ್ಪನವರೂ ಮುಂಬಯಿಗೆ ಹೋಗಿ ಸಂತ ಝೇವಿಯರ ಕಾಲೇಜಿನಲ್ಲಿ ಓದಿ, ೧೯೦೪ರಲ್ಲಿ ಕಾಯದೆಯ ಪದವಿಯನ್ನು ಪಡೆದರು. ಆ ಮಹಾನಗರದಲ್ಲಿ ಮರಾಠಿಗರೂ ಗುಜರಾಥಿಗಳೂ ತಮ್ಮ ತಮ್ಮ ನುಡಿಗಾಗಿ ಪಡುತ್ತಿದ್ದ ಶ್ರಮವನ್ನು ಕಣ್ಣಾರೆ ಕಂಡುದು ಅವರ ಮನಸ್ಸಿನಲ್ಲಿ ಅಳಿಯದೆ ನಿಂತಿತು.

ಊರಿಗೆ ಬಂದು ಕೆಲವು ದಿನ ಬೆಳಗಾವಿಯಲ್ಲಿ ವಕೀಲಿ ಮಾಡಿ, ಬಳಿಕ ವಿಜಾಪುರದಲ್ಲಿ ನೆಲೆನಿಂತರು. ವಿಜಾಪುರವು ಬರಗಾಲದ ಸೀಮೆ. ಸಾಲಗಾರನ ಕೈಗೆ ಸಿಕ್ಕ ರೈತನಿಗೆ ಬಿಡುಗಡೆಯಿಲ್ಲದ ಕಾಲ. ಅಲ್ಲಿ ೧೯೧೦ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೂ, ೧೯೧೨ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರು ಮುಂದಾಳಾದರು. ಸರಕಾರೀ ವಕೀಲರಾದರು, ಮುಂಬಯಿ ಶಾಸನಸಭೆಯ ಸದಸ್ಯರಾದರು, ರಾವಬಹಾದ್ದೂರ ಪದವಿಯನ್ನೂ ಪಡೆದರು. ಲೌಕಿಕದಲ್ಲಿ ಒಬ್ಬ ಗೃಹಸ್ಥನಿಗೆ ಇಷ್ಟು ಸಾಕೆಂದು ಯಾರಾದರೂ ಹೇಳುತ್ತಿದ್ದರು. ಆದರೆ ಅವರ ಚಿತ್ತವು ಬೇರೆಡೆಯಲ್ಲಿತ್ತು.

ವಿದ್ಯಾರ್ಥಿದಶೆಯ ಕೊನೆಯಲ್ಲಿ, ೧೯೦೩ರ ಸುಮಾರಿಗೆ, ರಬಕವಿ-ಬನಹಟ್ಟಿಯ ಕಡೆಯ ಒಂದು ಮನೆಯಲ್ಲಿ ಅವರು ತಾಡವೋಲೆಯ ಗ್ರಂಥಗಳನ್ನು ಕಂಡಿದ್ದರು. ಪ್ರಭುದೇವರ ವಚನಗಳಿದ್ದ ಆ ಓಲೆಗಳನ್ನು ಓದಿದಂದಿನಿಂದ ಅವರಿಗೆ ಬೇರೆ ಹಂಬಲವು ಉಳಿಯಲಿಲ್ಲ. ಊರೂರು ತಿರುಗಿದರು, ಮಠಮಠಗಳಿಗೆ ಹೋದರು. ಕಟ್ಟನ್ನು ಹೊರಗೆ ಕೊಟ್ಟರೆ ಮನೆತನಕ್ಕೆ ಕೇಡೆಂದು ಅಂಜುವವರು ಕೆಲವರು. ಕೈಯಲ್ಲಿದ್ದುದು ಏನೆಂದೇ ಅರಿಯದವರು ಕೆಲವರು. ಕೊಡಲೊಲ್ಲದವರ ಮನೆಯಲ್ಲಿಯೇ ಕುಳಿತು ನಕಲು ಮಾಡಿಕೊಳ್ಳಬೇಕಾಗುತ್ತಿತ್ತು. ಅಂಥವರನ್ನು ಕೂಡ ಪೂರ್ಣ ದೂಷಿಸುವಂತಿಲ್ಲ. ಮುನ್ನೂರು-ನಾನೂರು ವರ್ಷ ಕಟ್ಟು ಉಳಿದುದು ಆ ಅಂಜಿಕೆಯಿಂದಲೇ. ಅಳಿಯಹತ್ತಿದುದೂ ಆ ಅಂಜಿಕೆಯಿಂದಲೇ.

ಓಲೆಯನ್ನು ಓದುವುದೆಂದರೆ ಅಚ್ಚಿನ ಪುಸ್ತಕ ಓದಿದಂತಲ್ಲವೆಂಬುದನ್ನು ಈಗಿನ ತರುಣ ಶಿಷ್ಯರು ಅರಿಯಬೇಕು. ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ತುಂಬದಿದ್ದರೆ ಅದು ಕಣ್ಣಿಗೆ ಕಾಣುವುದೇ ಇಲ್ಲ. ಸೊಪ್ಪಿನ ರಸದಲ್ಲಿ ಕಾಡಿಗೆ ಕಲಸಿ ಉಜ್ಜಿ ಒರಸಬೇಕು. ಒಣಗಿದ ಗರಿಯು ಬೆರಳು ಸೋಕಿದರೆ ಮುರಿಯುವುದು. ಹುಳ ಕೊರೆದ ತೂತು ಅಕ್ಷರವೊಂದನ್ನು ನುಂಗಿರುವುದು. ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ, ವಾಕ್ಯ ಮುಗಿದ ಗುರುತಿಲ್ಲ. ದಾರ ಕಡಿದ ಕಟ್ಟಿನಲ್ಲಿ ಗರಿಗಳು ಹಿಂದುಮುಂದಾಗಿದ್ದರೆ ಒಬ್ಬ ಶರಣನ ವಚನದ ಬಾಲವು ಇನ್ನೊಬ್ಬನ ವಚನಕ್ಕೆ ಅಂಟಿಕೊಳ್ಳುವುದು. ಅಂಕಿತವನ್ನು ಹಿಡಿದು ಇದು ಇಂಥವರದೆಂದು ಗೊತ್ತುಮಾಡಿ, ಒಂದು ಕಟ್ಟಿನ ಪಾಠವನ್ನು ಮತ್ತೊಂದರೊಡನೆ ತಾಳೆನೋಡಿ, ಶುದ್ಧಪ್ರತಿ ತೆಗೆಯಬೇಕು. ಒಂದು ವಿಶ್ವವಿದ್ಯಾಲಯದ ವಿಭಾಗವೇ ಮಾಡತಕ್ಕ ಈ ಕೆಲಸವನ್ನು ಹಳಕಟ್ಟಿಯವರು ಕೋರ್ಟಿನ ಕಾಗದಪತ್ರಗಳ ನಡುವೆ ಮಾಡಿದರು. ಸಾಕ್ಷ್ಯವನ್ನು ತೂಗಿನೋಡುವ ವಕೀಲಿಯ ಅಭ್ಯಾಸವು ಇಲ್ಲಿ ಅವರಿಗೆ ಒದಗಿರಬೇಕು. ಅವರಿಗಿಂತ ಮುಂಚೆ ಸುಮಾರು ೫೦ ವಚನಕಾರರ ಹೆಸರು ಮಾತ್ರ ಜನರಿಗೆ ಗೊತ್ತಿದ್ದಿತು. ಅವರ ಶೋಧದಿಂದ ಆ ಸಂಖ್ಯೆಯು ಸುಮಾರು ೨೫೦ಕ್ಕೆ ಏರಿತು.

೧೯೨೨ರಲ್ಲಿ ಅವರು ವಚನಗಳನ್ನು ಇಂಗ್ಲೀಷಿಗೆ ತಿರುಗಿಸಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಷಟ್‌ಸ್ಥಲತತ್ತ್ವವನ್ನು ಅನುಸರಿಸಿ ವಿಷಯವಾರು ವಿಂಗಡಿಸಿದ ವಚನಶಾಸ್ತ್ರಸಾರದ ಹಸ್ತಪ್ರತಿಯು ಮಂಗಳೂರಿನ ಹೆಸರಾಂತ ಮುದ್ರಣಾಲಯವೊಂದಕ್ಕೆ ಹೋಗಿ ಅಚ್ಚಾಗದೆ ಹಿಂದಿರುಗಿತು. ಕಡೆಗೆ ಬೆಳಗಾವಿಯಲ್ಲಿ ಅಚ್ಚಾಗಿ ೧೯೨೩ರಲ್ಲಿ ಅದರ ಮೊದಲನೆಯ ಭಾಗವು ಹೊರಬಿದ್ದಿತು. ಪರರ ಮುದ್ರಣಾಲಯವನ್ನು ನಂಬಿ ಇಷ್ಟು ದೊಡ್ಡ ಭಂಡಾರವನ್ನು ಅಚ್ಚುಹಾಕಿಸುವುದು ಆಗದ ಮಾತೆಂದು ತಿಳಿದು, ತಾವಿದ್ದ ಸ್ವಂತ ಮನೆಯನ್ನು ಮಾರಿ ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ರಾವಬಹಾದ್ದೂರರ ಕುಟುಂಬವು ಬಾಡಿಗೆಯ ಮನೆಗೆ ಹೋಯಿತು. ವಿಜಾಪುರದ ಬೀದಿಯಲ್ಲಿ ಅವರು ಸೈಕಲ್ಲಿನ ಮೇಲೆಯೇ ಓಡಾಡುತ್ತಿದ್ದರೆಂದು ಕಂಡವರು ಹೇಳುತ್ತಿದ್ದರು. ಮನೆ ಮಾರಿ ಮದುವೆ ಮಾಡಿದವರು ನಾಡಿನಲ್ಲಿ ಬಹಳ ಮಂದಿ. ಮನೆ ಮಾರಿ ಮೊಳೆಯಕ್ಷರ ಕೊಂಡವರು ವಿರಳ.

೧೯೨೬ರಲ್ಲಿ ಶಿವಾನುಭವವೆಂಬ ಪತ್ರಿಕೆಯೂ ೧೯೨೭ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಆ ಮುದ್ರಣಾಲಯದಿಂದ ಹೊರಟವು. ಬಸವಣ್ಣನವರ, ಅಕ್ಕಮಹಾದೇವಿಯವರ, ಪ್ರಭುದೇವರ ವಚನಗಳೂ ಹರಿಹರನ ರಗಳೆಗಳೂ ಒಂದೊಂದಾಗಿ ಅಚ್ಚಾದವು. ೧೯೩೦ರಲ್ಲಿ ಶೂನ್ಯಸಂಪಾದನೆಯು ಪ್ರಕಟವಾಯಿತು. ಹಂಪೆಯ ವಿರೂಪಾಕ್ಷನನ್ನು ಹಾಡಿದ ಹರಿಹರನೂ, ವಿಜಯನಗರದ ಕಾಲದ ವಿರಕ್ತರು ಕೂಡಿಸಿದ ಶೂನ್ಯಸಂಪಾದನೆಯೂ ವಿಜಾಪುರದ ಬಾಡಿಗೆಯ ಮನೆಯ ಯಜಮಾನರಿಂದ ಈ ಸೀಮೆಯ ಭಕ್ತರಿಗೆ ಅಚ್ಚಿನಲ್ಲಿ ಮರಳಿ ದೊರೆತವೆಂಬುದು ನೆನೆಯತಕ್ಕ ಸಂಗತಿ. ೧೯೨೬ರಲ್ಲಿಯೇ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾಗಿ ಬಂದರು. ಬಳ್ಳಾರಿ ಜಿಲ್ಲೆಯು ಆಗ ಮದ್ರಾಸಾಧಿಪತ್ಯಕ್ಕೆ ಸೇರಿದ್ದಿತು. ಮುಂಬಯಿ ಪ್ರಾಂತದ ಕನ್ನಡಿಗರೊಬ್ಬರು ಮದ್ರಾಸು ಪ್ರಾಂತದ ಕನ್ನಡಿಗರ ನಡುವೆ ಆ ಪೀಠದಲ್ಲಿ ಕುಳಿತುದು ನಾಡು ಒಂದಾಗುವುದಕ್ಕೆ ಮೂವತ್ತು ವರ್ಷ ಮುಂಚಿನ ಮಾತು.

ಅವರ ಸಂಪಾದನೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಪಾಠಾಂತರಗಳನ್ನು ಎಲ್ಲೆಡೆಯಲ್ಲಿಯೂ ಕಾಣಿಸಲಿಲ್ಲ; ಯಾವ ಕಟ್ಟಿನಿಂದ ಯಾವ ವಚನವನ್ನು ತೆಗೆದುಕೊಂಡರೆಂಬ ಗುರುತು ಕೆಲವು ಕಡೆಗಳಲ್ಲಿ ಸಿಕ್ಕುವುದಿಲ್ಲ; ಸಂದಿಗ್ಧವಾದ ವಚನಗಳೂ ಸೇರಿವೆ. ಉರಿಯುತ್ತಿರುವ ಮನೆಯಿಂದ ಸಾಮಾನು ಹೊರಗೆ ಹಾಕುವವನು ಅದನ್ನು ಒಪ್ಪವಾಗಿ ಜೋಡಿಸುವುದಿಲ್ಲ. ಜೋಡಿಸುವ ಕೆಲಸಕ್ಕೆ ವಿಶ್ವವಿದ್ಯಾಲಯದವರು ತರುವಾಯ ಬಂದರು.

ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರ ಕಾಯದೆಯಿಂದ ಹುಟ್ಟಿ, ಮೊದಲು ಮುಂಬಯಿಯಲ್ಲಿದ್ದು, ೧೯೫೦ರಲ್ಲಿ ಧಾರವಾಡಕ್ಕೆ ಬಂದಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಕೇಂಬ್ರಿಜ್ಜಿನಲ್ಲಿ ಗಣಿತದ ರ್‍ಯಾಂಗ್ಲರರಾಗಿದ್ದ ಡಿ. ಸಿ. ಪಾವಟೆಯವರು ೧೯೫೪ರಿಂದ ಅದರ ಕುಲಪತಿಗಳಾಗಿದ್ದರು. ಅವರ ಕಾಲದಲ್ಲಿ, ೧೯೫೬ರಲ್ಲಿ, ವಿಶ್ವವಿದ್ಯಾಲಯವು ಹಳಕಟ್ಟಿಯವರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ಆಗ ಅವರ ವಯಸ್ಸು ೭೬. ಹುಟ್ಟಿದೂರಿನಲ್ಲಿ ತಡವಾಗಿ ಹುಟ್ಟಿದ ವಿದ್ಯಾಪೀಠವು, ತಾನಿಲ್ಲದ ಕಾಲದಲ್ಲಿ ತನ್ನ ಕೆಲಸವನ್ನು ಮಾಡಿದ ಮಗನನ್ನು ಹೀಗೆ ಗುರುತಿಸಿತು.

ಆ ವಿಶ್ವವಿದ್ಯಾಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಂದೆ ಅದೇ ದಾರಿಯಲ್ಲಿ ನಡೆದರು. ಡಾಕ್ಟರ್ ಆರ್. ಸಿ. ಹಿರೇಮಠರು ವಚನಸಂಪುಟಗಳನ್ನು ಸಂಪಾದಿಸಿದರು. ಡಾಕ್ಟರ್ ಎಸ್. ಸಿ. ನಂದೀಮಠ, ಎಲ್. ಎಂ. ಎ. ಮಿನೇಜಿಸ್, ಹಿರೇಮಠ ಮೊದಲಾದವರ ಕೈಯಿಂದ ಶೂನ್ಯಸಂಪಾದನೆಯು ೧೯೬೫ರಿಂದ ೧೯೭೨ರ ವರೆಗೆ ಐದು ಸಂಪುಟಗಳಲ್ಲಿ ಇಂಗ್ಲೀಷಿಗೆ ಬಂದಿತು. ಅಲ್ಲಿಯೇ ಓದಿ ಅಲ್ಲಿಯೇ ಕಲಿಸಿದ ಡಾಕ್ಟರ್ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ೧೯೯೩ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಹೊರತಂದಿತು. ಈ ಪಂಡಿತರು ಹಳಕಟ್ಟಿಯವರ ಪಾಠವನ್ನು ಎಷ್ಟೋ ಕಡೆಗಳಲ್ಲಿ ತಿದ್ದಿದರು. ಅವರ ಪ್ರತಿಯನ್ನು ಮುಂದಿಟ್ಟುಕೊಂಡೇ ತಿದ್ದಿದರು.

ಹಳಕಟ್ಟಿಯವರು ಶಿವಾನುಭವವನ್ನು ಸುಮಾರು ೩೫ ವರ್ಷ ನಡೆಯಿಸಿ, ಮುಪ್ಪಿನಲ್ಲಿ ಅದನ್ನು ನಿಲ್ಲಿಸಿದರು. ೧೯೬೪ನೆಯ ಇಸ್ವಿ ಜೂನ್ ೨೯ರಂದು ವಿಜಾಪುರದಲ್ಲಿ ಲಿಂಗೈಕ್ಯರಾದರು. ಇನ್ನು ಮೂರು ದಿನಗಳಿದ್ದಿದ್ದರೆ ಅವರಿಗೆ ೮೪ ವರ್ಷಗಳು ತುಂಬುತ್ತಿದ್ದವು. ಅವರ ಜನ್ಮದಿನವನ್ನು ನಾಡು ಈಗ ವಚನ ಸಾಹಿತ್ಯ ಸಂರಕ್ಷಣ ದಿನವೆಂದು ಆಚರಿಸುತ್ತದೆ.

ಈ ಸೀಮೆಯ ಮಠಗಳಲ್ಲಿಯೂ ಹಳೆಯ ಮನೆತನಗಳ ಜಗುಲಿಗಳಲ್ಲಿಯೂ ಬಿಚ್ಚದೆ ಉಳಿದ ಓಲೆಯ ಕಟ್ಟುಗಳು ಇದ್ದರೆ, ಅವುಗಳನ್ನು ತೋರಿಸಲು ವಿಜಾಪುರದ ತನಕ ಹೋಗಬೇಕಾಗಿಲ್ಲ. ೧೯೯೧ರಲ್ಲಿ ಸ್ಥಾಪಿತವಾದ ಹಂಪೆಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗಾಗಿಯೇ ಒಂದು ವಿಭಾಗವಿದೆ; ಅದು ಒಂದು ಹಗಲಿನ ಪ್ರಯಾಣದೊಳಗಿನ ಮಾತು.