ಗದ್ದುಗೆ ಹೋಯಿತು, ನಾಡು ಉಳಿಯಿತು



ಹೊಸ ದಾರಿ ಮಾಡಲು ಹೊರಟವನ ಕಾಲಿಗೇ ಮೊದಲು ಮುಳ್ಳು ತಾಗುವುದು. ಹಿಂದೆ ಬರುವವರು ಸವೆದ ಹಾದಿಯಲ್ಲಿ ಸುಖವಾಗಿ ನಡೆಯುತ್ತಾರೆ. ದಾರಿ ಮಾಡಿದವನ ನೆನಪು ಅವರಿಗಿರುವುದಿಲ್ಲ. ಲೋಕದ ಏಳಿಗೆಗೆ ದುಡಿದ ಬಹುಮಂದಿಯ ಕಥೆ ಇದೇ. ದೂರದ ನಿದರ್ಶನ ಬೇಡ. ನಮ್ಮ ರಾಮನಗರ ಸೀಮೆಯ ಮಣ್ಣಿನಲ್ಲೇ ಹುಟ್ಟಿದ ಕೆಂಗಲ್ ಹನುಮಂತಯ್ಯನವರ ಜೀವನವನ್ನೇ ನೋಡೋಣ.

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ, ಒಕ್ಕಲಿಗರ ಮನೆಯಲ್ಲಿ, 1908ರಲ್ಲಿ ಅವರು ಜನಿಸಿದರು. ಚನ್ನಪಟ್ಟಣಕ್ಕೆ ಹೋಗುವಾಗ ನಾವು ಕೈಮುಗಿದು ಮುಂದೆ ಸಾಗುವ ಕೆಂಗಲ್ ಆಂಜನೇಯನ ಕ್ಷೇತ್ರದ ಹೆಸರೇ ಅವರ ಹೆಸರಿನ ಮುಂದೆ ನಿಂತಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಕಾನೂನು ಕಲಿತು ವಕೀಲರಾದರು. ಸ್ವಾತಂತ್ರ್ಯ ಚಳವಳಿಯಲ್ಲಿ ಹಲವು ಬಾರಿ ಸೆರೆಮನೆ ಕಂಡರು. ಸಂವಿಧಾನ ಸಭೆಯ ಸದಸ್ಯರಾದರು. 1952ರ ಮಾರ್ಚಿಯಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು.

ಬೆಂಗಳೂರಿನ ವಿಧಾನಸೌಧ ಅವರ ಛಲದ ಫಲ. ಅಡಿಗಲ್ಲು 1951ರಲ್ಲೇ ಬಿದ್ದಿತ್ತು. ಹನುಮಂತಯ್ಯನವರು ಹಳೆಯ ನಕ್ಷೆಯನ್ನು ಬದಿಗಿಟ್ಟು, ನಮ್ಮ ದೇಗುಲಗಳ ಶಿಲ್ಪ ಕಾಣುವಂತೆ ಅದನ್ನು ದೊಡ್ಡದಾಗಿ ಕಟ್ಟಿಸಿದರು. ನಮ್ಮ ಮಾಗಡಿಯ ನಸುಗೆಂಪು ಕಲ್ಲೂ ಅದರ ಅಂದಕ್ಕೆ ಸೇರಿತು. ಸೆರೆಮನೆಯ ಕೈದಿಗಳೂ ಅಲ್ಲಿ ಕಲ್ಲು ಹೊತ್ತರು. ಖರ್ಚು ಸುಮಾರು 1 ಕೋಟಿ 84 ಲಕ್ಷ ರೂಪಾಯಿ. ದುಂದುವೆಚ್ಚವೆಂಬ ಕೂಗೆದ್ದಿತು, ವಿಚಾರಣೆಯೂ ನಡೆಯಿತು.

ಆದರೆ ಅವರ ನಿಜವಾದ ಪರೀಕ್ಷೆ ಕಲ್ಲಿನ ಕಟ್ಟಡದ್ದಲ್ಲ, ನಾಡಿನದು. ಆಗ ಕನ್ನಡನಾಡು ಹರಿದ ಕಂಬಳಿಯಂತಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮುಂಬಯಿಗೆ. ಬೀದರ್, ಗುಲಬರ್ಗಾ, ರಾಯಚೂರು ಹೈದರಾಬಾದಿಗೆ. ಮಂಗಳೂರು, ಕೊಳ್ಳೇಗಾಲ ಮದರಾಸಿಗೆ ಸೇರಿದ್ದವು. ಕೊಡಗು ಬೇರೆಯೇ ಇತ್ತು. ಇವೆಲ್ಲ ಒಂದಾಗಬೇಕೆಂಬ ಕೂಗು ಎದ್ದಾಗ ಹಳೆಯ ಮೈಸೂರಿನಲ್ಲೇ ವಿರೋಧ ಬಲವಾಯಿತು. ಕನ್ನಂಬಾಡಿ ಕಟ್ಟೆ ನಮ್ಮದು, ಶಿವನಸಮುದ್ರದ ವಿದ್ಯುತ್ತು ನಮ್ಮದು, ಭದ್ರಾವತಿಯ ಕಾರ್ಖಾನೆ ನಮ್ಮದು. ಬಡ ಜಿಲ್ಲೆಗಳನ್ನು ಏಕೆ ಹೊರಬೇಕು ಎಂಬುದು ಬಾಯಿಮಾತಿನ ವಾದ. ಒಳಗಿನ ವಾದ ಬೇರೆ ಇತ್ತು. ಅದು ಜಾತಿಯ ತಲೆ ಎಣಿಕೆ. ಮೈಸೂರು ಸೀಮೆಯಲ್ಲಿ ಒಕ್ಕಲಿಗರ ಕೈ ಮೇಲಿತ್ತು. ಉತ್ತರದ ಜಿಲ್ಲೆಗಳು ಸೇರಿದರೆ ವೀರಶೈವ ಲಿಂಗಾಯತರ ಕೈ ಮೇಲಾಗುವುದೆಂಬ ಭಯ.

ಈ ಭಯ ಸುಳ್ಳಾಗಿರಲಿಲ್ಲವೆಂಬುದನ್ನು ನಾವು ಒಪ್ಪಬೇಕು. ಹನುಮಂತಯ್ಯನವರಿಗೆ ಆ ಲೆಕ್ಕ ತಿಳಿಯದೆ ಇರಲಿಲ್ಲ. ನಾಡು ಬೆಳೆದರೆ ತಮ್ಮ ಕುರ್ಚಿ ಅಲುಗುವುದೆಂದು ತಿಳಿದೂ ಅವರು ಏಕೀಕರಣದ ಪರ ನಿಂತರು. ತಮ್ಮವರೇ ಮುನಿದರು. ಅವರ ಸ್ವಭಾವದಲ್ಲಿ ಹಟವಿತ್ತು, ಅದರಿಂದಲೂ ಶತ್ರುಗಳು ಹೆಚ್ಚಿದರು. 1956ರ ಆಗಸ್ಟಿನಲ್ಲಿ ಸ್ವಪಕ್ಷದವರ ವಿಶ್ವಾಸ ಕಳೆದುಕೊಂಡು ರಾಜೀನಾಮೆ ಕೊಟ್ಟರು. ಕಡಿದಾಳ್ ಮಂಜಪ್ಪನವರು ಕೆಲವು ವಾರ ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ವೀರಶೈವ ಸಮಾಜದವರೂ ಏಕೀಕರಣಕ್ಕಾಗಿ ದುಡಿದವರೂ ಆದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಸೌಧ ಕಟ್ಟಿದವರಿಗೆ ಅಲ್ಲಿ ಕುಳಿತು ಒಂದಾದ ನಾಡನ್ನು ಆಳುವ ಭಾಗ್ಯ ಬರಲಿಲ್ಲ.

ಮುಂದೆ ಅವರು ಲೋಕಸಭೆಗೆ ಹೋದರು, ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು, ರೈಲ್ವೆ ಮಂತ್ರಿಯಾದರು. 1980ರ ಡಿಸೆಂಬರ್ 1ರಂದು ಕಾಲವಾದರು.

ಇಂದು ಬೆಳಗಿನ ಹೊತ್ತು ಬಿಡದಿ ಕೈಗಾರಿಕಾ ಪ್ರದೇಶದ ದಾರಿಯಲ್ಲಿ ನಿಂತು ನೋಡಿರಿ. ಕನಕಪುರ, ಮಾಗಡಿಯ ಮಕ್ಕಳ ಜೊತೆಯಲ್ಲೇ ಬೀದರ್, ರಾಯಚೂರು ಕಡೆಯ ಮಕ್ಕಳೂ ಕಾರ್ಖಾನೆಯ ಬಸ್ಸಿನಿಂದ ಇಳಿಯುತ್ತಾರೆ. ಆ ಮಕ್ಕಳು ಪರರಾಜ್ಯದಿಂದ ಬಂದವರಲ್ಲ, ತಮ್ಮದೇ ನಾಡಿನಲ್ಲಿ ಅನ್ನ ಸಂಪಾದಿಸುವವರು. ಅವರ ಬುತ್ತಿಯಲ್ಲಿ ಹನುಮಂತಯ್ಯನವರು ಕಳೆದುಕೊಂಡ ಗದ್ದುಗೆಯ ಒಂದು ಪಾಲಿದೆ.

ಭಕ್ತರೆ, ಈ ಕಥೆ ಕೇಳಿ ಅಂದಿನ ವಿರೋಧಿಗಳನ್ನು ಹಳಿದು ಸುಮ್ಮನಾದರೆ ಫಲವಿಲ್ಲ. ಗೆದ್ದ ಕಡೆಯಲ್ಲಿ ನಾವಿದ್ದೇವೆಂದು ಬೀಗುವುದೂ ಸಲ್ಲದು. ಪಂಚಾಯಿತಿಯಿಂದ ಊರಿಗೊಂದು ಶಾಲೆ, ಕೇರಿಗೊಂದು ನಲ್ಲಿ ಬರುವಾಗ ನಮ್ಮವರಿಗೆಷ್ಟು ಎಂದು ಎಣಿಸುವ ಬೆರಳು ನಮ್ಮ ಕೈಯಲ್ಲೂ ಇದೆ. ಆ ಬೆರಳನ್ನು ಮಡಚಿದವನೇ ಹಿರಿಯನು. ತನ್ನವರ ಪಾಲು ಕಡಿಮೆಯಾದರೂ ಎಲ್ಲರ ಪಾಲು ಬೆಳೆಯಲಿ ಎಂಬ ಬುದ್ಧಿಯನ್ನು ಭಗವಂತನು ನಮಗೆಲ್ಲ ಕರುಣಿಸಲಿ.