ರುಡಾಲ್ಫ್ ಡೀಸೆಲ್: ಎಣ್ಣೆಗೆ ಹೆಸರು ಕೊಟ್ಟವನು

ಥರ್ಮೋಡೈನಮಿಕ್ಸ್ ಪುಸ್ತಕದಲ್ಲಿ ನಮಗೆಲ್ಲ ಡೀಸೆಲ್ ಸೈಕಲ್ ಅಂತ ಒಂದು ಪಿ-ವಿ ಚಿತ್ರ ಸಿಗುತ್ತದೆ. ಕಟ್-ಆಫ್ ರೇಷಿಯೋ ಹಾಕಿ, ಸೂತ್ರ ಬರೆದು, ಮಾರ್ಕ್ಸ್ ತಗೊಂಡು ಮುಂದಕ್ಕೆ ಹೋಗ್ತೀವಿ. ಆ ಚಿತ್ರದ ಹಿಂದಿನ ಮನುಷ್ಯನ ಕಥೆ ಸಿಲೆಬಸ್‌ನಲ್ಲಿ ಇಲ್ಲ. ಮನುಷ್ಯನಿಗೂ ಎಣ್ಣೆಗೂ ಒಂದೇ ಹೆಸರಾದ್ದರಿಂದ ಗೊಂದಲ ಬೇಡ: ಇಲ್ಲಿ ಮನುಷ್ಯ ರುಡಾಲ್ಫ್, ಎಣ್ಣೆ ಡೀಸೆಲ್.

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನಿಯ ಬವೇರಿಯಾ ಕಡೆಯವರು. ಅಪ್ಪನದು ಪುಸ್ತಕ ಬೈಂಡಿಂಗ್ ಮತ್ತು ಚರ್ಮದ ಸಾಮಾನಿನ ಕಸುಬು, ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೆ. 1870ರಲ್ಲಿ ಫ್ರಾನ್ಸ್‌ಗೂ ಪ್ರಶ್ಯಕ್ಕೂ ಯುದ್ಧ ಹತ್ತಿಕೊಂಡಿತು. ಜರ್ಮನರು ಪ್ಯಾರಿಸ್ ಬಿಡಬೇಕಾಯಿತು, ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲಿಂದ ಹನ್ನೆರಡು ವರ್ಷದ ಹುಡುಗನನ್ನು ಒಬ್ಬನೇ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು. ಹುಡುಗನ ದಾರಿ ಅಲ್ಲಿಂದಲೇ ತಿರುಗಿತು.

1875ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ಅಲ್ಲಿ ಪಾಠ ಮಾಡುತ್ತಿದ್ದವರು ಕಾರ್ಲ್ ಫಾನ್ ಲಿಂಡೆ, ರೆಫ್ರಿಜರೇಶನ್ ಓದಿದವರಿಗೆಲ್ಲ ಗೊತ್ತಿರುವ ಹೆಸರು. ಉಗಿ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಕೆಲಸವಾಗಿ ಕೊಡುವುದಿಲ್ಲ ಅಂತ ಲಿಂಡೆ ಕ್ಲಾಸಿನಲ್ಲಿ ಹೇಳಿದ್ದು ರುಡಾಲ್ಫ್ ತಲೆಯಲ್ಲಿ ಕೂತುಬಿಟ್ಟಿತು. ಉಳಿದ ಒಂಬತ್ತು ಪಾಲು ಎಲ್ಲಿ ಹೋಗ್ತಿದೆ ಅನ್ನೋದೇ ಅವನ ಚಿಂತೆ. 1879ರಲ್ಲಿ ಟೈಫಾಯಿಡ್ ಬಂದು ಪರೀಕ್ಷೆ ತಪ್ಪಿತು. ಮರುವರ್ಷ ಜನವರಿಯಲ್ಲಿ ಬರೆದು ಅತ್ಯುತ್ತಮ ಅಂಕಗಳಲ್ಲಿ ಪಾಸಾದ. ಮುಂದಿನ ಹತ್ತು ಹನ್ನೆರಡು ವರ್ಷ ಲಿಂಡೆಯ ಕಂಪನಿಯಲ್ಲೇ ಐಸ್ ಮಾಡುವ ಯಂತ್ರಗಳ ಕೆಲಸ. ಹಗಲು ಮಂಜುಗಡ್ಡೆ, ಬಿಡುವಾದಾಗ ಬೆಂಕಿಯ ಎಂಜಿನ್!

1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, 1893ರಲ್ಲಿ ಅದು ಸಿಕ್ಕಿತು. ವಿಚಾರ ಸರಳ: ಗಾಳಿಯೊಂದನ್ನೇ ಸಿಲಿಂಡರಿನಲ್ಲಿ ಬಲವಾಗಿ ಅದುಮಿದರೆ ಅದು ಕಾದು ಕೆಂಡವಾಗುತ್ತದೆ, ಆಗ ಇಂಧನ ಒಳಗೆ ಬಿಟ್ಟರೆ ಕಿಡಿ ಇಲ್ಲದೆ ತಾನೇ ಹತ್ತಿಕೊಳ್ಳುತ್ತದೆ. ಇಂಧನ ಏನು? ಅವನ ಮೊದಲ ಯೋಚನೆಯಲ್ಲಿ ಕಲ್ಲಿದ್ದಲಿನ ಪುಡಿಯೂ ಇತ್ತು. ಜರ್ಮನಿಯಲ್ಲಿ ಅದಕ್ಕೇನು ಬರ ಇರಲಿಲ್ಲ. ಆದರೆ ಕಲ್ಲಿದ್ದಲು ಉರಿದರೆ ಬೂದಿ ಉಳಿಯುತ್ತದೆ. ಪಿಸ್ಟನ್ ರಿಂಗ್‌ಗೂ ಸಿಲಿಂಡರ್ ಗೋಡೆಗೂ ನಡುವೆ ಬೂದಿ ಸಿಕ್ಕಿಕೊಂಡರೆ ಮರಳು ಕಾಗದ ಹಾಕಿ ಉಜ್ಜಿದ ಹಾಗೆ. ಪುಡಿಯ ಆಸೆ ಕೈಗೂಡಲಿಲ್ಲ, ದ್ರವ ಇಂಧನವೇ ಗತಿಯಾಯಿತು. ನಮ್ಮ ಲೆಕ್ಕದಲ್ಲಿ ಈ ಎಂಜಿನ್ ಕಲಿಸಿದ ಮೊದಲ ಪಾಠ ಇದೇ: ಇಂಧನದ ಜೊತೆ ಗಟ್ಟಿ ಕಣ ಬರಬಾರದು.

ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯಲ್ಲಿ 1893ರ ಆಗಸ್ಟ್ 10ರಂದು ಮೊದಲ ಎಂಜಿನ್ ಒಳಗೆ ಪೆಟ್ರೋಲ್ ಬಿಟ್ಟರು. ಒತ್ತಡ ಅಳೆಯುವ ಇಂಡಿಕೇಟರ್ ಸಿಡಿದು ಹಾರಿಹೋಯಿತು. ಪಕ್ಕದಲ್ಲಿದ್ದವರು ಬಚಾವಾದದ್ದೇ ದೊಡ್ಡದು. ರುಡಾಲ್ಫ್‌ಗೆ ಮಾತ್ರ ಖುಷಿ, ಕಿಡಿ ಇಲ್ಲದೆ ಹತ್ತಿಕೊಂಡಿತಲ್ಲ! 1894ರ ಫೆಬ್ರವರಿ 17ರಂದು ಎಂಜಿನ್ ಒಂದು ನಿಮಿಷದಷ್ಟು ಹೊತ್ತು ತನ್ನ ಬಲದಿಂದ ತಿರುಗಿತು. ಸರಿಯಾಗಿ ಮೂರು ವರ್ಷಕ್ಕೆ, 1897ರ ಫೆಬ್ರವರಿ 17ರಂದು, ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಅಧಿಕೃತ ಪರೀಕ್ಷೆ ನಡೆಸಿದರು. ಸುಮಾರು 20 ಕುದುರೆ ಶಕ್ತಿ, ದಕ್ಷತೆ 26.2 ಪರ್ಸೆಂಟ್. ನಾಲ್ಕು ವರ್ಷ ಒಂದು ಪ್ರಾಜೆಕ್ಟ್ ಕೆಲಸ ಮಾಡದೆ ಕೂತಿದ್ದರೂ ದುಡ್ಡು ಹಾಕಿದವರು ಬಿಟ್ಟು ಹೋಗಲಿಲ್ಲ ಅನ್ನೋದು ನಮಗೆ ಎಂಜಿನ್‌ಗಿಂತ ಹೆಚ್ಚು ಆಶ್ಚರ್ಯ!

ಲೈಸೆನ್ಸ್‌ಗೆ ಜನ ಮುಗಿಬಿದ್ದರು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ಒಬ್ಬನೇ ಹತ್ತು ಲಕ್ಷ ಮಾರ್ಕ್ ಕೊಟ್ಟ. 1898ರಲ್ಲಿ ಕೆಂಪ್ಟನ್ ಊರಿನ ಬೆಂಕಿಪೊಟ್ಟಣದ ಕಾರ್ಖಾನೆಗೆ ಎಂಜಿನ್ ಹೋಯಿತು. ಲ್ಯಾಬ್ ಬಿಟ್ಟು ಹೊರಗೆ ಹೋದಾಗಲೇ ಗ್ರಹಚಾರ ಶುರು. ಆಗ ಈಗಿನ ಥರ ಪಂಪ್ ಇರಲಿಲ್ಲ, ಕಂಪ್ರೆಸರಿನ ಗಾಳಿ ಇಂಧನವನ್ನು ಊದಿ ಒಳಗೆ ತಳ್ಳುತ್ತಿತ್ತು. ಎಣ್ಣೆ ಮಂಜಿನಂತೆ ಚದುರಲಿ ಅಂತ ದಾರಿಯಲ್ಲಿ ಸಣ್ಣ ತಂತಿಯ ಜಾಲರಿ ಇಟ್ಟಿದ್ದರು. ಸಣ್ಣ ಕಣ್ಣಿನ ಜಾಲರಿಗೆ ಕಸ ಕಟ್ಟಿಕೊಳ್ಳೋದು ಎಷ್ಟು ಹೊತ್ತು? ಆಮೇಲೆ ತೂತು ಕೊರೆದ ಬಿಲ್ಲೆಗಳು ಆ ಜಾಗಕ್ಕೆ ಬಂದವು. ಅಷ್ಟರಲ್ಲಿ ಮಾರಿದ ಎಂಜಿನ್‌ಗಳ ಮೇಲೆ ದೂರು, ಪೇಟೆಂಟ್ ಮೇಲೆ ಕೋರ್ಟ್ ತಂಟೆ. ಅದೇ ವರ್ಷ ರುಡಾಲ್ಫ್ ಆರೋಗ್ಯ ಕುಸಿದು ಸ್ಯಾನಿಟೋರಿಯಂ ಸೇರಿದ. ವಯಸ್ಸು ಆಗ ಬರೀ ನಲವತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಆ ಜಾಲರಿಯ ತಲೆನೋವು ಇವತ್ತಿನ ಪಿಕಪ್ ಗಾಡಿಗೂ ಬಿಟ್ಟಿಲ್ಲ. 1927ರಿಂದ ರಾಬರ್ಟ್ ಬಾಷ್ ಕಂಪನಿ ಇಂಜೆಕ್ಷನ್ ಪಂಪ್‌ಗಳನ್ನು ಸಾಲಾಗಿ ತಯಾರಿಸಿದ ಮೇಲೆ ಕಂಪ್ರೆಸರ್ ಭಾರ ಹೋಗಿ ಡೀಸೆಲ್ ಎಂಜಿನ್ ರಸ್ತೆಗೆ ಬಂತು. ಆದರೆ ಆ ಪಂಪಿನ ಪ್ಲಂಜರ್‌ಗೂ ಅದರ ಬ್ಯಾರೆಲ್‌ಗೂ ನಡುವೆ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲು ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ದಪ್ಪ. ಕಾಮನ್ ರೈಲ್‌ನಲ್ಲಿ ಒತ್ತಡ 2000 ಬಾರ್ ಹತ್ತಿರ ಹೋಗುತ್ತದೆ, ಪಂಪಿಗೆ ಜಾರುಗುಣ ಕೊಡುವುದೂ ಅದೇ ಡೀಸೆಲ್. ಅದರಲ್ಲಿ ನೀರು ಸೇರಿದರೆ ಜಾರುಗುಣ ಹೋಯಿತು, ತುಕ್ಕು ಬಂತು.

ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುವುದು, ಲೋಡ್ ಹಾಕಿ ಘಾಟಿ ಹತ್ತುವಾಗ ಉಸಿರು ಕಟ್ಟುವುದು, ಬಿಳಿ ಹೊಗೆ: ಇವು ಸುಳಿವು ಮಾತ್ರ, ತೀರ್ಪಲ್ಲ. ತೀರ್ಪಿಗೆ ಫಿಲ್ಟರಿನ ಕೆಳಗಿನ ನೀರು ಬಿಡುವ ತಿರುಪು ಬಿಚ್ಚಿ ಒಂದು ಗಾಜಿನ ಬಾಟಲಿಗೆ ಇಳಿಸಿ ಅರ್ಧ ಗಂಟೆ ಇಡಬೇಕು. ಒಳ್ಳೇ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಮೋಡ ಕವಿದ ಹಾಗಿದ್ದರೆ ಬೆರೆತ ನೀರು. ಎರಡರ ಗಡಿಯಲ್ಲಿ ಕಪ್ಪು ಲೋಳೆ ಕಂಡರೆ ಅದು ಜೀವಾಣುಗಳ ಬೆಳೆ, ನೀರಿಲ್ಲದೆ ಅದು ಬೆಳೆಯಲ್ಲ. ಹಳೇ ಫಿಲ್ಟರ್ ಕೊಯ್ದು ನೋಡೋದೂ ಒಳ್ಳೆಯದು: ಮಡಿಕೆಗಳಲ್ಲಿ ಮಿನುಗುವ ಲೋಹದ ಪುಡಿ ಇದ್ದರೆ ಪಂಪ್ ತನ್ನನ್ನು ತಾನೇ ತಿನ್ನುತ್ತಿದೆ ಅಂತ. ಆಗ ಫಿಲ್ಟರ್ ಒಂದು ಬದಲಿಸಿದರೆ ಸಾಲದು. ಟ್ಯಾಂಕ್, ಪೈಪು, ರೈಲ್, ಇಂಜೆಕ್ಟರ್ ಎಲ್ಲ ನೋಡಬೇಕು, ಇಲ್ಲದಿದ್ದರೆ ಹೊಸ ಪಂಪೂ ಅದೇ ದಾರಿ ಹಿಡಿಯುತ್ತದೆ. ಬಾಡಿಗೆ ಓಡಿಸಿ ಕಂತು ಕಟ್ಟುವವನಿಗೆ ಈ ಬಿಲ್ ತಿಂಗಳುಗಟ್ಟಲೆ ದುಡಿಮೆ.

ತಡೆಯೋ ದಾರಿ ಅಗ್ಗ. ಸಂಜೆಯೇ ಟ್ಯಾಂಕ್ ತುಂಬಿಸಿದರೆ ಖಾಲಿ ಜಾಗದ ತೇವ ರಾತ್ರಿ ತಣಿದು ನೀರಾಗೋದು ಕಡಿಮೆ. ಬಂಕಿನಲ್ಲಿ ಟ್ಯಾಂಕರ್ ಇಳಿಸುತ್ತಿದ್ದರೆ ಆಮೇಲೆ ಬನ್ನಿ, ತಳದ ಕೆಸರು ಆಗ ಕದಡಿರುತ್ತದೆ. ಮಳೆಗಾಲದಲ್ಲಿ ನೀರು ಬಿಡೋದನ್ನು ಮರೆಯಬೇಡಿ. ಹೊಸ ಫಿಲ್ಟರಿನ ನಡುವಿನ ತೂತಿಗೆ ಡೀಸೆಲ್ ಸುರಿದು ಕೂರಿಸೋ ಅಭ್ಯಾಸ ಕಾಮನ್ ರೈಲ್ ಗಾಡಿಗೆ ಬೇಡವೇ ಬೇಡ. ಅದು ಸೋಸಿದ ಎಣ್ಣೆ ಹೊರಬರುವ ಬದಿ, ಸುರಿದ ಕಸ ನೇರ ಪಂಪಿಗೇ. ತಪ್ಪಿ ಪೆಟ್ರೋಲ್ ಹಾಕಿಸಿದ್ದರೆ ಕೀ ತಿರುಗಿಸಲೇಬೇಡಿ, ಮೊದಲು ಟ್ಯಾಂಕ್ ಬಸಿಯಬೇಕು.

ಮತ್ತೆ ರುಡಾಲ್ಫ್ ಕಡೆಗೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಆಫ್ರಿಕಾದ ವಸಾಹತುಗಳಲ್ಲಿ ಸಿಗುವ ಎಣ್ಣೆಯಿಂದಲೇ ಎಂಜಿನ್ ನಡೆದರೆ ಆದೀತಲ್ಲ ಅನ್ನೋದು ಫ್ರೆಂಚ್ ಸರ್ಕಾರದ ಆಸಕ್ತಿ. ಮುಂದೆ ರುಡಾಲ್ಫ್ ಕೂಡ ಸಸ್ಯದ ಎಣ್ಣೆಗಳ ಪರವಾಗಿ ಮಾತಾಡಿದ. ನಮ್ಮಲ್ಲಿ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವವರಿಗೆ ಅವನು ದೂರದ ಅಜ್ಜನಿದ್ದ ಹಾಗೆ. ಆದರೆ ಹಸಿ ಎಣ್ಣೆ ಮಂದ, ಇಂಜೆಕ್ಟರ್ ಮೂತಿಯಲ್ಲಿ ಕರಿ ಕಟ್ಟುತ್ತದೆ. ಬಯೋಡೀಸೆಲ್ ಆದರೋ ನೀರನ್ನು ಹೆಚ್ಚು ಹಿಡಿದಿಡುತ್ತದೆ, ಹಳೇ ಟ್ಯಾಂಕಿನ ಜಿಡ್ಡನ್ನೂ ಎಬ್ಬಿಸಿ ಫಿಲ್ಟರಿಗೆ ತಂದು ಹಾಕುತ್ತದೆ.

1912ರ ಹೊತ್ತಿಗೆ ಡೆನ್ಮಾರ್ಕಿನ ಸೆಲಾಂಡಿಯಾ ಹಡಗು ಡೀಸೆಲ್ ಎಂಜಿನ್‌ನಿಂದ ಸಾಗರ ದಾಟಿತ್ತು. ಎಂಜಿನ್ ಗೆದ್ದಿತ್ತು, ಮಾಲೀಕ ಸೋತಿದ್ದ. ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ, ಮನೆಯೊಳಗೆ ಸಾಲ. ಜಮೀನು ವ್ಯವಹಾರ, ಎಣ್ಣೆ ಬಾವಿಗಳ ಮೇಲೆ ಹಾಕಿದ ಹಣ ಮುಳುಗಿತ್ತು. ಲೆಕ್ಕದಲ್ಲಿ ಅಷ್ಟು ಗಟ್ಟಿಗ ವ್ಯವಹಾರದಲ್ಲಿ ಇಷ್ಟು ಹಗುರಾದದ್ದು ಹೇಗೋ!

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡನ್ ಅನ್ನುವ ಹಡಗು ಹತ್ತಿದ. ಇಂಗ್ಲೆಂಡಿನಲ್ಲಿ ಹೊಸ ಕಾರ್ಖಾನೆಯ ಕೆಲಸವಿತ್ತು. ಜೊತೆಗಾರರೊಂದಿಗೆ ಊಟ ಮಾಡಿ, ಬೆಳಿಗ್ಗೆ 6:15ಕ್ಕೆ ಎಬ್ಬಿಸಿ ಅಂತ ಹೇಳಿ ರಾತ್ರಿ ಹತ್ತರ ಸುಮಾರಿಗೆ ಕ್ಯಾಬಿನ್‌ಗೆ ಹೋದ. ಬೆಳಿಗ್ಗೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತೇ ಇಲ್ಲ. ಡೆಕ್ಕಿನ ಕಂಬಿ ಹತ್ತಿರ ಟೋಪಿ, ಮಡಚಿಟ್ಟ ಕೋಟು. ಡೈರಿಯಲ್ಲಿ ಆ ದಿನದ ಜಾಗದಲ್ಲಿ ಒಂದು ಶಿಲುಬೆಯ ಗುರುತು. ಕೊಲೆ ಅಂದವರು ಉಂಟು, ಗೂಢಚಾರರ ಕೈವಾಡ ಅಂದವರೂ ಉಂಟು. ಸಾಲದ ಲೆಕ್ಕ ನೋಡಿದರೆ ನಮಗೆ ಅಷ್ಟು ದೂರ ಹೋಗಬೇಕು ಅನಿಸಲಿಲ್ಲ. ಸುಮಾರು ಹತ್ತು ದಿನದ ಮೇಲೆ ಡಚ್ ದೋಣಿಯೊಂದಕ್ಕೆ ಒಂದು ಶವ ಸಿಕ್ಕಿತು. ಜೇಬಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ತೆಗೆದುಕೊಂಡು ಶವವನ್ನು ಸಮುದ್ರಕ್ಕೇ ಬಿಟ್ಟರು. ಆ ವಸ್ತುಗಳು ಅಪ್ಪನವೇ ಅಂತ ಮಗ ಯೂಜೆನ್ ಗುರುತು ಹಿಡಿದ.