ಜೋಸೆಫ್ ಹಿಲೇರಿಯಸ್ ಎಕ್‌ಹೆಲ್

ಜೋಸೆಫ್ ಹಿಲೇರಿಯಸ್ ಎಕ್‌ಹೆಲ್ (೧೩ ಜನವರಿ ೧೭೩೭ – ೧೬ ಮೇ ೧೭೯೮) ಆಸ್ಟ್ರಿಯಾದ ನಾಣ್ಯಶಾಸ್ತ್ರಜ್ಞರು ಹಾಗೂ ಜೆಸ್ವಿಟ್ ಪಾದ್ರಿ. ಗ್ರೀಕ್ ಮತ್ತು ರೋಮನ್ ನಾಣ್ಯಗಳ ಸಂಗ್ರಹಣೆಯನ್ನು ಶ್ರೀಮಂತರ ಹವ್ಯಾಸದ ಮಟ್ಟದಿಂದ ಕ್ರಮಬದ್ಧ ಶಾಸ್ತ್ರದ ಮಟ್ಟಕ್ಕೆ ಏರಿಸಿದ ಇವರನ್ನು ಪ್ರಾಚೀನ ನಾಣ್ಯಶಾಸ್ತ್ರದ ಪಿತಾಮಹರೆಂದು ಪರಿಗಣಿಸಲಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಎಕ್‌ಹೆಲ್ ಅವರು ಕೆಳ ಆಸ್ಟ್ರಿಯಾದ ಎಂಟ್ಸರ್ಸ್‌ಫೆಲ್ಡ್ ಎಂಬಲ್ಲಿ ಜನಿಸಿದರು. ತಂದೆ ಜಿಂಜೆನ್‌ಡಾರ್ಫ್ ಮನೆತನದ ಜಹಗೀರಿನ ಮೇಲ್ವಿಚಾರಕರಾಗಿದ್ದರು. ವಿಯೆನ್ನಾದ ಜೆಸ್ವಿಟ್ ವಿದ್ಯಾಲಯದಲ್ಲಿ ಓದಿದ ಎಕ್‌ಹೆಲ್ ಆ ಸಂಘವನ್ನೇ ಸೇರಿ, ಸ್ಟೈರ್ ಹಾಗೂ ವಿಯೆನ್ನಾಗಳಲ್ಲಿ ಕಾವ್ಯ ಮತ್ತು ಅಲಂಕಾರಶಾಸ್ತ್ರಗಳನ್ನು ಬೋಧಿಸಿದರು. ೧೭೭೨ರಲ್ಲಿ ವಿದ್ಯಾಲಯದ ನಾಣ್ಯಸಂಗ್ರಹದ ಪಾಲಕರಾಗಿ ನೇಮಕಗೊಂಡರು. ಅದೇ ವರ್ಷ ಇಟಲಿಗೆ ತೆರಳಿ, ಫ್ಲಾರೆನ್ಸ್‌ನಲ್ಲಿ ಟಸ್ಕನಿಯ ದೊರೆಯ ನಾಣ್ಯಸಂಗ್ರಹವನ್ನು ವ್ಯವಸ್ಥೆಗೊಳಿಸಿದರು.

ವಿಯೆನ್ನಾದ ನಾಣ್ಯಾಗಾರ

೧೭೭೩ರಲ್ಲಿ ಪೋಪ್ ೧೪ನೆಯ ಕ್ಲೆಮೆಂಟ್ ಜೆಸ್ವಿಟ್ ಸಂಘವನ್ನು ವಿಸರ್ಜಿಸಿದರು. ಎಕ್‌ಹೆಲ್ ತಾವು ಆಶ್ರಯಿಸಿದ್ದ ಸಂಘವನ್ನು ಕಳೆದುಕೊಂಡರೂ ಅವರ ಅಧ್ಯಯನ ನಿಲ್ಲಲಿಲ್ಲ. ಸಾಮ್ರಾಜ್ಞಿ ಮಾರಿಯಾ ಥೆರೇಸಾ ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ವಸ್ತುಗಳು ಮತ್ತು ನಾಣ್ಯಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ನೇಮಿಸಿದರು. ರಾಜಮನೆತನದ ನಾಣ್ಯಾಗಾರದ ಹೊಣೆಯೂ ಅವರದಾಯಿತು. ಆ ಸಂಗ್ರಹದ ಪಟ್ಟಿಯನ್ನು ೧೭೭೯ರಲ್ಲಿ ಪ್ರಕಟಿಸಿದರು.

ವರ್ಗೀಕರಣ ಪದ್ಧತಿ

ಅದುವರೆಗೆ ಅನೇಕ ಸಂಗ್ರಾಹಕರು ನಾಣ್ಯಗಳನ್ನು ಲೋಹ ಮತ್ತು ಗಾತ್ರಗಳಿಗೆ ಅನುಗುಣವಾಗಿ ಜೋಡಿಸುತ್ತಿದ್ದರು. ಇದರಿಂದ ಒಂದೇ ಊರಿನ, ಒಂದೇ ಕಾಲದ ನಾಣ್ಯಗಳು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಚದುರಿಹೋಗುತ್ತಿದ್ದವು. ಫ್ರಾನ್ಸ್‌ನ ಜೋಸೆಫ್ ಪೆಲ್ಲರಿನ್ ಆರಂಭಿಸಿದ್ದ ಭೌಗೋಳಿಕ ಕ್ರಮವನ್ನು ಎಕ್‌ಹೆಲ್ ಪರಿಷ್ಕರಿಸಿ ವಿಸ್ತರಿಸಿದರು. ಅವರ ಪ್ರಮುಖ ಲ್ಯಾಟಿನ್ ಕೃತಿ 'ಡಾಕ್ಟ್ರಿನಾ ನುಮೋರಮ್ ವೆಟೆರಮ್' ೧೭೯೨ರಿಂದ ೧೭೯೮ರವರೆಗೆ ೮ ಸಂಪುಟಗಳಲ್ಲಿ ಹೊರಬಂದಿತು. ಮೊದಲ ನಾಲ್ಕು ಸಂಪುಟಗಳು ನಗರ, ಜನಾಂಗ ಮತ್ತು ಅರಸರ ನಾಣ್ಯಗಳಿಗೆ, ಉಳಿದ ನಾಲ್ಕು ರೋಮ್‌ನ ನಾಣ್ಯಗಳಿಗೆ ಮೀಸಲಾಗಿವೆ.

ಚಕ್ರವರ್ತಿಗಳ ನಾಣ್ಯಗಳನ್ನು ಅವರು ಕಾಲಾನುಕ್ರಮದಲ್ಲಿ ಇರಿಸಿದರು. ಡೆನೇರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯದ ಮೇಲಿನ ಬಿರುದು ಮತ್ತು ಪದವಿಗಳ ಸಂಕ್ಷೇಪಗಳು ಕಾಲನಿರ್ಣಯಕ್ಕೆ ಆಧಾರವಾಗುತ್ತವೆ. ಉದಾಹರಣೆಗೆ, ಟ್ರಾಜನನ ನಾಣ್ಯದಲ್ಲಿ ಕಾನ್ಸಲ್ ಪದವಿಯ ಸಂಕ್ಷೇಪದೊಡನೆ ಐದು ಎಂಬ ರೋಮನ್ ಅಂಕಿ ಇದ್ದರೆ, ಅದು ಸಾ.ಶ. ೧೦೩ರಿಂದ ೧೧೧ರ ನಡುವಿನದು. ಆರು ಎಂದಿದ್ದರೆ ೧೧೨ರ ಬಳಿಕದ್ದು. ಹೀಗೆ ದಿನಾಂಕವಿಲ್ಲದ ನಾಣ್ಯವೂ ಇತಿಹಾಸದ ದಾಖಲೆಯಾಗುತ್ತದೆ.

ಮಿತಿ ಮತ್ತು ಪ್ರಭಾವ

ಗಣರಾಜ್ಯ ಕಾಲದ ಡೆನೇರಿಯಸ್‌ಗಳಲ್ಲಿ ಇಂತಹ ಸುಳಿವು ವಿರಳ. ಆದ್ದರಿಂದ ಐದನೆಯ ಸಂಪುಟದಲ್ಲಿ ಅವುಗಳನ್ನು, ಟಂಕಿಸಿದ ಅಧಿಕಾರಿಗಳ ಮನೆತನಗಳ ಹೆಸರಿನಂತೆ ಅಕ್ಷರಾನುಕ್ರಮದಲ್ಲಿ ಕೊಡಲಾಗಿದೆ. ೧೯ನೆಯ ಶತಮಾನದ ಹೆನ್ರಿ ಕೋಹೆನ್ ಮತ್ತು ಅರ್ನೆಸ್ಟ್ ಬಾಬೆಲಾನ್ ಅವರ ಪಟ್ಟಿಗಳೂ ಮನೆತನಗಳ ಕ್ರಮವನ್ನೇ ಉಳಿಸಿಕೊಂಡವು. ಭೂಮಿಯಲ್ಲಿ ದೊರೆತ ನಾಣ್ಯನಿಧಿಗಳನ್ನು ಪರಸ್ಪರ ಹೋಲಿಸುವ ವಿಧಾನ ಬೆಳೆದ ಮೇಲೆಯೇ ಇವುಗಳಿಗೂ ಕಾಲಾನುಕ್ರಮ ದೊರೆಯಿತು.

ಎಕ್‌ಹೆಲ್ ಅವರು ಕೊನೆಯ ಸಂಪುಟ ಪ್ರಕಟವಾದ ವರ್ಷದಲ್ಲೇ ವಿಯೆನ್ನಾದಲ್ಲಿ ನಿಧನರಾದರು. ಅವರ ಹಸ್ತಪ್ರತಿಗಳಿಂದ ಸಿದ್ಧಪಡಿಸಿದ ಅನುಬಂಧವು ೧೮೨೬ರಲ್ಲಿ ಪ್ರಕಟವಾಯಿತು.